ಅಜ್ಜಿಯ ಮೂರು ಬೆರಳು, ಎಸ್ಟೋನಿಯಾದಲ್ಲಿ

ಟಾಲಿನ್, ವಿಮಾನ ನಿಲ್ದಾಣ

ನಾನು ಯುರೋಪಿನ ನೆಲಕ್ಕೆ ಕಾಲಿಟ್ಟಾಗ ನನ್ನ ಸೂಟ್‌ಕೇಸಿನೊಳಗೆ ಎರಡು ಅಂಗಿ, ಒಂದು ಸ್ವೆಟರು ಮತ್ತು ಇದ್ದದ್ದೊಂದು ಒಳ್ಳೆಯ ಪ್ಯಾಂಟು ಹರಳೆಣ್ಣೆಯಲ್ಲಿ ನೆನೆಯುತ್ತಿದ್ದವು. ಎಣ್ಣೆ ನನ್ನ ಸೋದರಮಾವನ ಮಗ ಮಾದೇವನದು. ತನ್ನ ಪೆಟ್ಟಿಗೆಯ ತೂಕ ಮೀರಿತೆಂದು, ಹೊರಡುವ ದಿನ ನನಗೆ ತಿಳಿಸದೆ ಒಂದು ಕ್ಯಾನನ್ನು ನನ್ನದರೊಳಗೆ ತುರುಕಿದ್ದ.

ತಪಾಸಣೆಯ ಮೇಜಿನ ಹಿಂದಿದ್ದ ತರುಣಿ ಕೈಗವಸಿನ ಬೆರಳನ್ನು ಎಣ್ಣೆಗೆ ತಾಗಿಸಿ, ಮೂಸಿ, ಇದೇನು ಎಂದಳು. ನಾನು ಇಂಗ್ಲಿಷಿನಲ್ಲಿ ಪದ ಹುಡುಕುವಷ್ಟರಲ್ಲಿ ಮಾದೇವ ಮುಂದೆ ಬಂದು ತನ್ನ ಬೋಳುತಲೆಯನ್ನು ಎರಡೂ ಅಂಗೈಯಿಂದ ತಟತಟ ತಟ್ಟಿ, ಕಣ್ಣು ಮುಚ್ಚಿ, ಸುಖವಾಗಿ ನಿದ್ದೆ ಹೋದವನಂತೆ ಕತ್ತು ವಾಲಿಸಿ ತೋರಿಸಿದ. ಆಕೆ ನಗಲಿಲ್ಲ. ಆ ದೇಶದಲ್ಲಿ ಗುರುತಿಲ್ಲದವರ ಮುಂದೆ ಯಾರೂ ಸುಮ್ಮಸುಮ್ಮನೆ ನಗುವುದಿಲ್ಲ ಎಂದು ಆಮೇಲೆ ತಿಳಿಯಿತು. ಪೆಟ್ಟಿಗೆ ಮುಚ್ಚಿ ನಮ್ಮ ಕಡೆಗೆ ತಳ್ಳಿದಳು, ಅಷ್ಟೆ.

"ನೋಡ್ದಾ ಬಾವ? ನೀನ್ ಬಾಯ್ ತಗಿಯೋ ಒತ್ಗೆ ನನ್ ಕೈ ಮಾತಾಡ್ಬುಡ್ತು. ನಿನ್ನ ಯಾಕಾರ ಕರ್ಕ ಬಂದ್ನೋ!" ಎಂದ.

ಕರೆದುಕೊಂಡು ಬಂದದ್ದು ದುಭಾಷಿಯಾಗಿ. ಮಾದೇವ ಹುಣಸೂರಿನಲ್ಲಿ ಒಂದು ಗೊಬ್ಬರದಂಗಡಿಯ ಮಹಡಿಯ ಮೇಲೆ ಯೋಗ ಹೇಳಿಕೊಡುತ್ತಾನೆ. ಕೈಮುದ್ರೆ, ಉಸಿರಾಟ, ತಲೆಗೆ ಎಣ್ಣೆ ಒತ್ತುವುದು. ಪಿರಿಯಾಪಟ್ಟಣ, ಎಚ್.ಡಿ. ಕೋಟೆಯಿಂದ ಮಂಡಿನೋವಿನವರು ಬಸ್ಸು ಹಿಡಿದು ಬರುತ್ತಾರೆ. ಎರಡು ವರ್ಷದ ಹಿಂದೆ ಮಾರೆ ಎಂಬ ನಿವೃತ್ತ ಶಾಲಾಶಿಕ್ಷಕಿ ಎಸ್ಟೋನಿಯಾದಿಂದ ಮೈಸೂರಿಗೆ ಬಂದವಳು, ಯಾರೋ ಹೇಳಿದ್ದು ಕೇಳಿ ಆ ಮಹಡಿ ಹತ್ತಿ ಮೂರು ವಾರ ಕಲಿತು ಹೋಗಿದ್ದಳು. ಈಗ ತನ್ನ ಊರಿನ ಹನ್ನೆರಡು ಮಂದಿಗೆ ಐದು ದಿನ ಪಾಠ ಹೇಳಬೇಕೆಂದು ಅವನನ್ನು ಕರೆಸಿದ್ದಳು.

ನಾನು ವಿಶ್ವವಿದ್ಯಾನಿಲಯದಲ್ಲಿ ಪ್ರಾಣಿಶಾಸ್ತ್ರ ಓದಿ, ಕೆ.ಆರ್. ನಗರದ ಒಂದು ಕಾಲೇಜಿನಲ್ಲಿ ಅದನ್ನೇ ಪಾಠ ಮಾಡಿ ನಿವೃತ್ತನಾದವನು. ಮುದ್ರೆಯಿಂದ ರೋಗ ಹೋಗುತ್ತದೆ ಎಂಬುದರಲ್ಲಿ ನನಗೆ ನಂಬಿಕೆ ಇಲ್ಲ. ಮಾದೇವನಿಗೆ ಇದು ಗೊತ್ತು. ಗೊತ್ತಿದ್ದೂ ಕರೆದ. ಮನೆಯಲ್ಲಿ ಕೂತು ಕಾಲು ಕೆರೆಯುತ್ತಿದ್ದ ನಾನು ಗೊತ್ತಿದ್ದೂ ಹೊರಟೆ.

ದಕ್ಷಿಣಕ್ಕೆ ಹೋಗುವ ಬಸ್ಸು

ಟಾಲಿನ್‌ನಿಂದ ದೇಶದ ಆಗ್ನೇಯ ಮೂಲೆಯ ವೋರು ಎಂಬ ಸೀಮೆಗೆ ಬಸ್ಸಿನಲ್ಲಿ ಹೋದೆವು. ಜೂನ್ ತಿಂಗಳು. ದಾರಿಯ ಎರಡೂ ಕಡೆ ಬಿಳಿ ತೊಗಟೆಯ ಬರ್ಚ್ ಮರಗಳು, ಸುಣ್ಣ ಬಳಿದ ಹಾಗೆ. ಬಸ್ಸಿನಲ್ಲಿ ಇಪ್ಪತ್ತು ಜನ ಇದ್ದರೂ ಒಬ್ಬರ ಪಕ್ಕ ಒಬ್ಬರು ಕೂತಿರಲಿಲ್ಲ. ಮಾತಿಲ್ಲ. ನಮ್ಮ ಹುಣಸೂರು ಬಸ್ಸಿನಲ್ಲಾದರೆ ಬಿಳಿಕೆರೆ ಬರುವುದರೊಳಗೆ ಪಕ್ಕದವರ ಮಕ್ಕಳ ಮದುವೆ, ಸಕ್ಕರೆ ಕಾಯಿಲೆ, ಬೋರ್‌ವೆಲ್ಲಿನ ಆಳ ಎಲ್ಲ ನಮ್ಮ ತಲೆಗೆ ಬಂದಿರುತ್ತದೆ.

ಆ ಮೌನದಲ್ಲಿ ಮಾದೇವ ತನ್ನ ನಿಜವಾದ ಕೋರಿಕೆ ತೆಗೆದ.

"ಬಾವ, ಕೊನೇ ದಿನ ನಂಜಮ್ಮ ಮುದ್ರೆ ಯೋಳ್ಕೊಡ್ತೀನಿ. ಆವಾಗ ನೀನು ಎದ್ ನಿಂತು, ಔದು, ನಮ್ಮಜ್ಜಿ ಇದ್ನೇ ಮಾಡ್ತಿದ್ಲು, ನಾನೂ ಕಣ್ಣಾರೆ ಕಂಡಿವ್ನಿ ಅಂತ ಒಂದ್ ಮಾತ್ ಅನ್ಬೇಕು."

ನಂಜಮ್ಮ ಅವನ ತಂದೆಯ ತಾಯಿ, ನನ್ನ ತಾಯಿಯ ತಾಯಿ. ಗಾವಡಗೆರೆಯ ಹತ್ತಿರದ ಹಳ್ಳಿಯವಳು. ಕೊನೆಯ ಎರಡು ವರ್ಷ ಕಣ್ಣಿಗೆ ಪೊರೆ ಬಂದು, ಮರೆವು ಕವಿದು, ಜಗಲಿಯ ಮೇಲೆ ಕೂತೇ ಇರುತ್ತಿದ್ದಳು. ಹಣೆಯಲ್ಲಿ ವಿಭೂತಿ, ಮುಚ್ಚಿದ ಕಣ್ಣು. ಮಂಡಿಯ ಮೇಲಿಟ್ಟ ಎಡಗೈಯಲ್ಲಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರರ ತುದಿಗಳೂ ಕೂಡಿರುತ್ತಿದ್ದವು. ಜ್ಞಾನಮುದ್ರೆಗೆ ಎರಡೇ ಬೆರಳು, ಪ್ರಾಣಮುದ್ರೆಗೆ ಬೇರೆ ಬೆರಳು. ಇದು ತಾನು ಓದಿದ ಯಾವ ಪುಸ್ತಕದಲ್ಲೂ ಇಲ್ಲ, ಹಾಗಾಗಿ ನಮ್ಮ ಮನೆತನದ ಗುಪ್ತವಿದ್ಯೆ ಎಂದು ಮಾದೇವ ತೀರ್ಮಾನಿಸಿದ್ದ. ಕೈನಡುಕಕ್ಕೆ ಇದರಂಥದ್ದಿಲ್ಲ ಎಂದು ಹೇಳಿಕೊಡುತ್ತಿದ್ದ.

"ಅದು ಸಂಧಿವಾತ ಕಣೋ. ಬೆರಳು ಸೆಟೆದುಕೊಂಡಿದ್ದವು," ಎಂದೆ.

"ನೀನ್ ಬತ್ತಿದ್ದುದ್ದು ವರ್ಸಕ್ ಒಂದ್ ದಪ. ನಾನು ದಿನಾ ನೋಡಿವ್ನಿ. ನೀನು ಕಪ್ಪೆ ಕುಯ್ದುದ್ದೇ ಬಂತು, ಅಜ್ಜಿ ನೋಡ್ಲಿಲ್ಲ."

ಅವನ ಮಾತು ಚುಚ್ಚಿತು, ಯಾಕೆಂದರೆ ನನ್ನ ಹತ್ತಿರ ಇದ್ದದ್ದು ಒಂದೇ ಒಂದು ನೆನಪು. ಎಂ.ಎಸ್ಸಿ. ಓದುವಾಗ ಒಮ್ಮೆ ಹೋಗಿದ್ದೆ. ನನ್ನ ದನಿ ಕೇಳಿದೊಡನೆ ಅಜ್ಜಿ ಮುಖ ತಿರುಗಿಸದೆ ಆ ಕೈಯನ್ನು ನನ್ನ ಕಡೆಗೆ ಚಾಚಿದಳು. ಆಶೀರ್ವಾದವೆಂದು ಹಿಡಿದು ಕಣ್ಣಿಗೊತ್ತಿಕೊಂಡೆ. ಅವಳು ಬಿಡಿಸಿಕೊಂಡು ಮತ್ತೆ ಚಾಚಿದಳು. ಬೆರಳು ಬಿಡಿಸಲಾರದಷ್ಟು ನೋವಿರಬೇಕು ಎಂದುಕೊಂಡು, ಮುಲಾಮು ತಂದುಕೊಡುವುದಾಗಿ ಮಾವನಿಗೆ ಹೇಳಿ ಕೊನೆಯ ಬಸ್ಸು ಹಿಡಿದೆ. ಮುಲಾಮು ಕೊಂಡ ನೆನಪಿಲ್ಲ. ಈಗ ನೋಡಿದರೆ, ಅವಳು ಚಾಚಿದ್ದು ಎಡಗೈಯೋ ಬಲಗೈಯೋ ಎಂಬುದೂ ಖಚಿತವಿಲ್ಲ.

ಮಾರೆಯ ಅಡಿಗೆಮನೆ

ಮಾರೆಯ ಮನೆ ಒಂದು ಕೆರೆಯ ದಂಡೆಯಲ್ಲಿ. ಬಾಗಿಲಲ್ಲೇ ಚಪ್ಪಲಿ ಬಿಡಬೇಕು ಎಂದಾಗ ನಮಗೆ ಅರ್ಧ ಊರಿಗೆ ಹೋದಷ್ಟು ನೆಮ್ಮದಿಯಾಯಿತು. ಉಳಿದರ್ಧ ಬೆಳಗಿನ ತಿಂಡಿಗೆ ಬಂತು. ಬಟ್ಟಲಿನ ಮಜ್ಜಿಗೆಗೆ ಅವಳು ಕಂದು ಬಣ್ಣದ ಹಿಟ್ಟು ಕಲಸಿ ಕೊಟ್ಟಳು. ಹುರಿದ ಧಾನ್ಯ, ಬಟಾಣಿ ಬೀಸಿದ್ದು, ಹೆಸರು ಕಾಮಾ. ಮಾದೇವ ಒಂದು ಚಮಚ ಬಾಯಿಗಿಟ್ಟು ಕಣ್ಣರಳಿಸಿದ.

"ಬಾವ! ಉರಿಟ್ಟು ಕಣ್ ಬಾವ ಇದು! ನಮ್ದೇ ಉರಿಟ್ಟು! ಬೆಲ್ಲ ಅದಾ ಕೇಳು."

ನಮ್ಮ ಹುರಿಹಿಟ್ಟಿನ ಕಥೆಯನ್ನು ನಾನು ಇಂಗ್ಲಿಷಿನಲ್ಲಿ ಹೇಳಿದೆ. ಮಾರೆ ಅದನ್ನು ಎಸ್ಟೋನಿಯನ್ನಿನಲ್ಲಿ ತನ್ನ ತಾಯಿಗೆ ಹೇಳಿದಳು. ತಾಯಿ ಹೆಲ್ಮಿಗೆ ಎಂಬತ್ತಾರು. ಸಣ್ಣ ದೇಹ, ತಲೆಗೆ ಹೂವಿನ ವಸ್ತ್ರ. ಅವಳ ಎಡಗೈ ಮೇಜಿನ ಮೇಲೆ ತಾನೇ ತಾನಾಗಿ ನಡುಗುತ್ತಿತ್ತು, ಗೂಡಿನಿಂದ ಬಿದ್ದ ಹಕ್ಕಿಮರಿಯ ಹಾಗೆ. ಮಾದೇವನನ್ನು ನೋಡಿ ಅವಳು ಹೆಮ್ಮೆಯಿಂದ ಆ ಕೈಯ ಮೂರು ಬೆರಳು ಕೂಡಿಸಿ ತೋರಿಸಿದಳು. ನಡುಕ ಇಳಿಯಿತು.

"ನಾನು ಬಂದು ಹೇಳಿಕೊಟ್ಟಾಗಿನಿಂದ, ಎರಡು ವರ್ಷ ಬಿಡದೆ ಮಾಡಿದ್ದಾಳೆ. ಚರ್ಚಿಗೂ ಇಷ್ಟು ನಿಷ್ಠೆಯಿಂದ ಹೋದವಳಲ್ಲ," ಎಂದಳು ಮಾರೆ.

ಮಾದೇವ ನನ್ನ ಕಡೆ ನೋಡಿದ ನೋಟವನ್ನು ಇಲ್ಲಿ ವಿವರಿಸುವುದಿಲ್ಲ.

ಮಾರೆ ಎದ್ದು ಒಲೆಯ ಕಡೆ ಹೋದಾಗ ಇನ್ನೊಂದು ಕಂಡೆ. ಹೆಲ್ಮಿ ತನ್ನ ಬೆಳಗಿನ ಮಾತ್ರೆಯನ್ನು ಬಟ್ಟಲ ಪಕ್ಕದಿಂದೆತ್ತಿ, ಕಿಟಕಿಯ ಹೂಕುಂಡದ ಮಣ್ಣಿಗೆ ಒತ್ತಿ, ಮಣ್ಣು ಸರಿಮಾಡಿದಳು. ನನ್ನ ಕಣ್ಣಿನ ತಪ್ಪಿರಬಹುದು ಎಂದುಕೊಂಡೆ. ಮಾರನೆಯ ದಿನ ಬೇಕೆಂದೇ ಕಾದು ಕೂತೆ. ಮತ್ತೆ ಹೂಕುಂಡ. ಮೂರನೆಯ ದಿನವೂ.

ಸಭಾಂಗಣ

ಪಾಠ ನಡೆದದ್ದು ಊರಿನ ಸಭಾಂಗಣದಲ್ಲಿ. ಹನ್ನೆರಡು ಜನ ಚಾಪೆಯ ಮೇಲೆ, ಮಾದೇವ ಹೇಳಿದಂತೆ ಬೆರಳು ಮಡಚುತ್ತ, ಉಸಿರೆಳೆಯುತ್ತ. ಮುಗಿದ ಮೇಲೆ ಒಬ್ಬರೂ ಚೆನ್ನಾಗಿತ್ತು ಎನ್ನಲಿಲ್ಲ. ಚಾಪೆ ಸುತ್ತಿ, ತಲೆ ಬಾಗಿಸಿ ಹೋದರು. ಮರ ಕಡಿಯುವವನಂತಿದ್ದ ಒಬ್ಬ ದೈತ್ಯನ ನೆತ್ತಿಗೆ ಮಾದೇವ ಅರ್ಧ ಗಂಟೆ ಎಣ್ಣೆ ಒತ್ತಿದ. ನಮ್ಮೂರಲ್ಲಾಗಿದ್ದರೆ "ಆಹಾ, ಪರಮಾತ್ಮ" ಎಂದು ನಾಲ್ಕು ಸಲ ಕೂಗಿರುತ್ತಿದ್ದರು. ಈತ ಎದ್ದು, ಹ್ಯಾಟು ಹಾಕಿಕೊಂಡು, ಹೊರಟೇ ಹೋದ.

"ಸತ್ತೋದ್ನಾ ಬದುಕವ್ನಾ ಅಂತಾನಾರ ಗೊತ್ತಾಗ್ಬಾರ್ದಾ?" ಎಂದು ಮಾದೇವ ಕಂಗಾಲಾದ. ಮಾರನೆಯ ಬೆಳಗ್ಗೆ ನಮ್ಮ ಬಾಗಿಲ ಮೆಟ್ಟಿಲ ಮೇಲೆ ಒಂದು ಬುಟ್ಟಿ ಸ್ಟ್ರಾಬೆರಿ ಇತ್ತು. ಆ ದೈತ್ಯ ಇಟ್ಟುಹೋದದ್ದು ಎಂದಳು ಮಾರೆ. ಅದೇ ಅಲ್ಲಿಯ "ಆಹಾ, ಪರಮಾತ್ಮ."

ಮೂರನೆಯ ದಿನದ ಪಾಠದ ನಂತರ ಮಾದೇವನನ್ನು ಕೆರೆಯ ದಂಡೆಗೆ ಕರೆದುಕೊಂಡು ಹೋಗಿ ಮಾತ್ರೆಯ ವಿಷಯ ಹೇಳಿದೆ.

"ನಾನ್ ಎಲ್ಲಿ ಮಾತ್ರೆ ಬುಡಿ ಅಂದೆ? ಒಂದ್ ದಿನ ಅಂದಿಲ್ಲ. ಡಾಕ್ಟ್ರು ಕೊಟ್ಟುದ್ದ ತಕ್ಕಳಿ, ಇದ್ನೂ ಮಾಡಿ ಅಂತೀನಿ. ಬೇಕಾರೆ ಉಣಸೂರ್ಗೆ ಬಂದು ಯಾರ್ನಾರ ಕೇಳು."

"ನೀನು ಅನ್ನಲಿಲ್ಲ. ಅವಳೇ ಲೆಕ್ಕ ಹಾಕಿಕೊಂಡಿದ್ದಾಳೆ. ಮುದ್ರೆ ಹಿಡಿದಾಗ ನಿಲ್ಲುತ್ತೆ, ಇನ್ನು ಮಾತ್ರೆ ಯಾಕೆ ಅಂತ. ಕೊನೆಯ ದಿನ ನಾನು ಎದ್ದು ಸಾಕ್ಷಿ ಹೇಳಿದರೆ ಪೂರ್ತಿ ಬಿಟ್ಟುಬಿಡುತ್ತಾಳೆ."

"ಸಾಕ್ಸಿ ಯೋಳ್ದೆ, ಅದು ವಾತ ಅಂದ್ರೆ? ಹನ್ನೆರಡ್ ಜನದ್ ಮುಂದೆ ನನ್ ಮಾನ ಓಯ್ತದಲ್ಲ ಬಾವ. ಅಜ್ಜೀದೂ ಓಯ್ತದೆ."

ಸಂಜೆಯಾಗುವುದರೊಳಗೆ ಮಾರೆಗೆ ಹೇಳಿದೆ. ಅವಳು ಹೂಕುಂಡದ ಮಣ್ಣನ್ನು ಚಮಚದಲ್ಲಿ ಕೆದಕಿ, ಕರಗಿದ ಬಿಳಿ ಚೂರುಗಳನ್ನು ಅಂಗೈಗೆ ತೆಗೆದುಕೊಂಡಳು.

"ನಾನು ಹೇಳಿದರೆ ಕೇಳುವವಳಲ್ಲ. ಡಾಕ್ಟರು ಹೇಳಿದರೂ ಅಷ್ಟೆ. ಗುರು ಹೇಳಿದರೆ ಕೇಳುತ್ತಾಳೆ," ಎಂದಳು.

ಗುರು ಆ ರಾತ್ರಿ ಊಟ ಮಾಡಲಿಲ್ಲ.

ಹೊಗೆಮನೆಯ ಅಂಗಳ

ಆ ಸೀಮೆಯವರು ಮೈ ತೊಳೆಯುವುದಕ್ಕೆ ಕೆರೆಯ ಪಕ್ಕ ಒಂದು ಮರದ ಕೋಣೆ ಕಟ್ಟಿಕೊಂಡಿರುತ್ತಾರೆ. ಒಳಗೆ ಕಲ್ಲಿನ ಒಲೆ, ಆದರೆ ಹೊಗೆಗೂಡು ಇಲ್ಲ. ಅರ್ಧ ದಿನ ಸೌದೆ ಉರಿಸಿ, ಹೊಗೆಯನ್ನೆಲ್ಲ ಹೊರಬಿಟ್ಟು, ಕಾದ ಕಲ್ಲಿಗೆ ನೀರೆರಚಿ, ಬರ್ಚಿನ ಎಲೆಗೊಂಚಲಿನಿಂದ ಬೆನ್ನಿಗೆ ಬಡಿದುಕೊಳ್ಳುತ್ತಾರೆ. ಕೇಳಿ ಮಾದೇವ, "ಇದೂ ಎಣ್ಣೆನೀರೇ ಬುಡು. ಸೀಗೆಪುಡಿ ಬದ್ಲು ಏಟು," ಎಂದ. ಹಿಂದಿನ ದಿನದಿಂದ ಅವನು ಆಡಿದ ಮೊದಲ ತಮಾಷೆ ಅದು.

ನಾಲ್ಕನೆಯ ದಿನ ಮಧ್ಯಾಹ್ನ ಒಳಗೆ ಸೌದೆ ಉರಿಯುತ್ತಿತ್ತು. ಬಾಗಿಲ ಸಂದಿಯಿಂದ ಹೊಗೆ ಬರುತ್ತಿತ್ತು. ಅಂಗಳದಲ್ಲಿ ಹಸಿ ರೆಂಬೆಗಳ ರಾಶಿ. ವರ್ಷಕ್ಕಾಗುವ ಗೊಂಚಲುಗಳನ್ನು ಈ ಕಾಲದಲ್ಲೇ ಕಟ್ಟಿ ಒಣಗಿಸಿಡುತ್ತಾರಂತೆ. ಹೆಲ್ಮಿ ಮಣೆಯ ಮೇಲೆ ಕೂತು ಕಟ್ಟುತ್ತಿದ್ದಳು. ಕೈಗೆ ಕೆಲಸವಿಲ್ಲದೆ ನಿಂತಿದ್ದ ನನಗೆ ರೆಂಬೆ ಕೊಡು ಎಂದು ಸನ್ನೆ ಮಾಡಿದಳು. ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತೆ.

ಮೂರು ರೆಂಬೆ ಕೊಟ್ಟೆ. ಅವಳು ಎಡಗೈಯ ಮೂರು ಬೆರಳಲ್ಲಿ ತೊಟ್ಟು ಹಿಡಿದು, ಬಲಗೈಯಿಂದ ಹುರಿ ಸುತ್ತಿ, ಎಳೆದು ಬಿಗಿದಳು. ಕೈ ನಡುಗುತ್ತಿರಲಿಲ್ಲ. ಕೈ ಸುಮ್ಮನಿದ್ದಾಗ ಹೆಚ್ಚಾಗಿ, ಕೆಲಸಕ್ಕೆ ತೊಡಗಿದಾಗ ತಗ್ಗುವ ನಡುಕವೊಂದಿದೆ ಎಂದು ಓದಿದ್ದೆ. ಹೋ, ಇದು ಅದೇ ಎಂದು ಪಾಠದ ಮೇಷ್ಟರ ಹಾಗೆ ಮನಸ್ಸಿನಲ್ಲೇ ಗುರುತು ಹಾಕಿಕೊಂಡೆ.

ಆಗ ಅವಳು ಗಂಟಿನಿಂದ ಕಣ್ಣು ತೆಗೆಯದೆ, ನನ್ನ ಕಡೆ ತಿರುಗದೆ, ಎಡಗೈ ಚಾಚಿದಳು. ಮೂರು ಬೆರಳು, ತುದಿಗಳು ಕೂಡಿಕೊಂಡು, ನಡುವೆ ಒಂದು ತೊಟ್ಟು ಹಿಡಿಸುವಷ್ಟು ಜಾಗ.

"ಕೊಡ್ಲಾ," ಎಂದು ನಮ್ಮಜ್ಜಿಯ ದನಿಯಲ್ಲಿ ಕೇಳಿಸಿತು. ಹೆಲ್ಮಿ ಏನೂ ಅಂದಿರಲಿಲ್ಲ.

ನಮ್ಮೂರು ಮಿರ್ಲೆ. ನಾಲೆಯ ನೀರು, ಭತ್ತದ ಗದ್ದೆ. ಹೊಗೆಸೊಪ್ಪಿನ ಗೊಡವೆ ನಮಗಿರಲಿಲ್ಲ. ಆದರೆ ಅಮ್ಮನಿಗೆ ಕಾಯಿಲೆಯಾದ ವರ್ಷ ನಾಲ್ಕನೆಯ ತರಗತಿಯನ್ನು ಅಜ್ಜಿಯ ಮನೆಯಲ್ಲಿದ್ದು ಓದಿದೆ. ಅಲ್ಲಿ ಹೊಲದ ತುಂಬ ಹೊಗೆಸೊಪ್ಪು. ಶ್ರಾವಣದ ಜಡಿಮಳೆಯಲ್ಲಿ ಮುರಿದು ತಂದ ಹಸಿ ಸೊಪ್ಪನ್ನು, ಅದನ್ನು ಬೆಂಕಿಯ ಕಾವಿನಲ್ಲಿ ಒಣಗಿಸುವ ಬ್ಯಾರನ್ನಿನ ಮುಂದೆ ರಾಶಿ ಹಾಕುತ್ತಿದ್ದರು. ಬೇಯಿಸುವ ಮುಂಚೆ ಸೊಪ್ಪನ್ನೆಲ್ಲ ಉದ್ದುದ್ದ ಕಡ್ಡಿಗಳಿಗೆ ಕಟ್ಟಬೇಕು. ಎಡಗೈಯ ಮೂರು ಬೆರಳಲ್ಲಿ ಮೂರು ಎಲೆಯ ತೊಟ್ಟು, ಬಲಗೈಯಲ್ಲಿ ದಾರ. ಒಂದು ಸುತ್ತು, ಒಂದು ಎಳೆತ. ಆ ಕಡೆ ಮೂರು, ಈ ಕಡೆ ಮೂರು. ಅಜ್ಜಿ ಕಟ್ಟುತ್ತಿದ್ದಳು. ಅವಳಿಗೆ ಮೂರು ಮೂರು ಎಲೆ ಜೋಡಿಸಿ ಕೊಡುವ ಕೆಲಸ ನನ್ನದು. ಅವಳು ನೋಡುತ್ತಿರಲಿಲ್ಲ. ಕೈ ಚಾಚಿ "ಕೊಡ್ಲಾ" ಅನ್ನುತ್ತಿದ್ದಳು, ಕೊಡೋ ಎಂದು. ತಡವಾದರೆ ಬೆರಳು ಆಡಿಸುತ್ತಿದ್ದಳು. ಸಂಜೆಗೆ ನಮ್ಮಿಬ್ಬರ ಕೈಯೂ ಸೊಪ್ಪಿನ ಅಂಟಿನಿಂದ ಕಪ್ಪು. ಹುಣಸೆಹಣ್ಣು ಹಾಕಿ ತಿಕ್ಕಿದರೂ ರಾತ್ರಿಯ ಮುದ್ದೆ ಕಹಿ. ಆ ವರ್ಷದ ಕೊನೆಗೆ ಬ್ಯಾರನ್ನಿಗೆ ಬೆಂಕಿ ಬಿತ್ತು. ಇನ್ನು ಈ ಬೆಳೆ ಸಾಕು ಎಂದು ತಾತ ರಾಗಿ, ಅವರೆಗೆ ತಿರುಗಿದ. ಮಾದೇವ ಆಗ ತೊಟ್ಟಿಲಲ್ಲಿದ್ದ.

ಇವೆಲ್ಲ ಐವತ್ತು ವರ್ಷ ಎಲ್ಲಿದ್ದವೋ ತಿಳಿಯದು. ಹೊಗೆಯ ವಾಸನೆಗೆ ಮನಸ್ಸು ಕಥೆ ಕಟ್ಟುತ್ತಿದೆಯೇ ಎಂದು ಮೊದಲು ಅನುಮಾನಿಸಿದೆ. ಅಜ್ಜಿಯ ಬ್ಯಾರನ್ನಿನಲ್ಲಿ ಹೊಗೆ ಒಳಗೆ ಬರುತ್ತಲೂ ಇರಲಿಲ್ಲ, ತಗಡಿನ ಕೊಳವೆಯಲ್ಲಿ ಹೋಗುತ್ತಿತ್ತು. ಪರೀಕ್ಷಿಸಲು ಒಂದೇ ದಾರಿ. ಒಂದು ಉದ್ದನೆಯ ಕೋಲು ತಂದು, ಎರಡು ಮಂಡಿಗಳ ಮೇಲೆ ಅಡ್ಡ ಇಟ್ಟುಕೊಂಡು, ಹುರಿ ಹಿಡಿದು, ಯೋಚಿಸದೆ ಕೈ ಬಿಟ್ಟೆ. ಕೈ ಕಟ್ಟಿತು. ಆ ಕಡೆ ಮೂರು, ಈ ಕಡೆ ಮೂರು. ಮೊಳದುದ್ದ ಕಟ್ಟಿದ ಮೇಲೆ ತಲೆ ಎತ್ತಿದರೆ ಮಾದೇವ ಎದುರಿಗೆ ನಿಂತಿದ್ದ.

"ಸೊಪ್ ಕಟ್ಟುದಂಗ್ ಕಟ್ತಿದ್ದೀಯಲ್ಲ ಬಾವ. ಯಾರ್ ಕಲ್ಸುದ್ರು?"

ಕೋಲು ಕೆಳಗಿಟ್ಟು, ಬರಿಗೈಯನ್ನು ಮಂಡಿಯ ಮೇಲಿಟ್ಟು ತೋರಿಸಿದೆ. ಮೂರು ಬೆರಳು ಹಾಗೇ ಕೂಡಿದ್ದವು.

ಅವನ ಊರಿನಲ್ಲಿ ಇಂದಿಗೂ ಮನೆಮನೆಯಲ್ಲಿ ಸೊಪ್ಪು ಕಟ್ಟುತ್ತಾರೆ. ಸೊಪ್ಪು ಹಿಡಿದ ಕೈಯನ್ನು ಅವನು ದಿನಾ ನೋಡಿದ್ದಾನೆ. ಸೊಪ್ಪಿಲ್ಲದ ಕೈ ನೋಡಿದಾಗ, ಅದೂ ವಿಭೂತಿ ಹಚ್ಚಿ ಕಣ್ಣು ಮುಚ್ಚಿ ಕೂತವಳದ್ದು, ಯಾರಿಗೆ ತಾನೇ ಸೊಪ್ಪು ನೆನಪಾಗುತ್ತದೆ? ಅವನು ಮಣ್ಣಿನ ಮೇಲೆ ಕೂತುಬಿಟ್ಟ.

"ಅಂಗಾರೆ ಅಜ್ಜಿ..." ಎಂದ. "ಒಂದೊಂದ್ ದಪ ಕೈ ಚಾಚೋಳು ಬಾವ. ನಾವು ಎಲೆಡ್ಕೆ ಮಡಗೋವಿ. ಬೆಲ್ಲ ಮಡಗೋವಿ. ಎಸ್ದುಬುಡೋಳು. ಏನ್ ಬೇಕು ಅಂತ್ಲೇ ಗೊತ್ತಾಯ್ತಿರ್ಲಿಲ್ಲ."

ನನಗೆ ಗೊತ್ತಾಗಬೇಕಾಗಿತ್ತು. ಅವಳಿಗೆ ಸೊಪ್ಪು ಕೊಡುತ್ತಿದ್ದವನು ನಾನು. ನನ್ನ ದನಿ ಕೇಳಿ ಅವಳು ಕೈ ಚಾಚಿದಳು. ನಾನು ಅದನ್ನು ಕಣ್ಣಿಗೊತ್ತಿಕೊಂಡು ಬಸ್ಸಿಗೆ ಓಡಿದೆ.

ಹೆಲ್ಮಿ ನಮ್ಮಿಬ್ಬರನ್ನೂ ನೋಡಿ, ಏನೋ ಗೊಣಗಿ, ಮತ್ತೆ ಕೈ ಚಾಚಿದಳು. ರಾಶಿ ಮುಗಿಯುವವರೆಗೂ ಕೊಟ್ಟೆ.

ಕೊನೆಯ ಬೆಳಗು

ಮಾದೇವ ಬೆಳಗ್ಗೆ ಸ್ನಾನ ಮಾಡಿ, ವಿಭೂತಿ ಇಟ್ಟು, ಮೇಷ್ಟರ ಮುಂದೆ ನಿಂತ ಹುಡುಗನಂತೆ ನನ್ನನ್ನು ಕೇಳಿದ: "ಎಂಗೆ ಯೋಳ್ಲಿ ಬಾವ?"

"ಇದ್ದ ಹಾಗೆ ಹೇಳು."

"ಇದ್ದಂಗೆ ಯೋಳುದ್ರೆ ಆ ಮುದುಕವ್ವ ಎರಡನ್ನೂ ಬುಟ್ಬುಡ್ತಳೆ. ಮುದ್ರೆನೂ ಇಲ್ಲ, ಮಾತ್ರೆನೂ ಇಲ್ಲ. ನೀನು ಬರೀ ನಾನ್ ಅಂದುದ್ದ ಅನ್ನು. ನಿಂದೇನೂ ಸೇರುಸ್ಬ್ಯಾಡ."

ಸಭಾಂಗಣದಲ್ಲಿ ಹನ್ನೆರಡು ಜನ, ಮುಂದಿನ ಸಾಲಿನ ಕುರ್ಚಿಯಲ್ಲಿ ಹೆಲ್ಮಿ. ಮಾದೇವ ಎಡಗೈ ಎತ್ತಿ ಮೂರು ಬೆರಳು ಕೂಡಿಸಿದ. ಎಲ್ಲರೂ ಕೂಡಿಸಿದರು.

"ಇದು ನಮ್ಮಜ್ಜಿ ನಂಜಮ್ಮನ ಮುದ್ರೆ," ಎಂದು ಶುರುಮಾಡಿದ. ನಾನು ಇಂಗ್ಲಿಷಿಗೆ ತಂದೆ, ಮಾರೆ ಎಸ್ಟೋನಿಯನ್ನಿಗೆ. "ಎರಡು ವರ್ಸದಿಂದ ನಾನಿದ್ನ ತಪ್ಪಾಗ್ ಯೋಳ್ಕೊಟ್ಟಿವ್ನಿ. ನನ್ ತಪ್ಪು. ನಿನ್ನೆ ನಮ್ ಬಾವ ತೋರ್ಸುದ್ರು."

ಕೂಡಿಸಿದ್ದ ಬೆರಳನ್ನು ಯಾರೂ ಬಿಡಿಸಲಿಲ್ಲ.

"ನಮ್ಮಜ್ಜಿ ರೈತ್ರವ್ಳು. ಒಗೆಸೊಪ್ ಕಟ್ಟೋಳು. ಈ ಬೆರಳಲ್ಲಿ ಸೊಪ್ ಇಡ್ಕತಿದ್ಲು. ಈ ಮುದ್ರೇನ ಬರಿಗೈಲಿ ಮಾಡಂಗಿಲ್ಲ. ಬೆರಳ್ ನಡುವೆ ಏನಾರ ಇರ್ಲೇಬೇಕು. ಬರಿಗೈಲಿ ಕುಂತಿದ್ದಾಗ ನಮ್ಮಜ್ಜಿ ಸುಖ್ವಾಗಿರ್ಲಿಲ್ಲ. ಯಾರಾರ ಏನಾರ ಕೊಡ್ಲಿ ಅಂತ ಕಾಯ್ಕ ಕುಂತಿದ್ಲು. ಅದ್ನ ನಾನು ನೋಡ್ಕ ಇದ್ದೆ, ಗೊತ್ತಾಗ್ಲಿಲ್ಲ."

ನನ್ನದೇನೂ ಸೇರಿಸದೆ ಇಂಗ್ಲಿಷಿಗೆ ತಂದೆ.

"ಒಬ್ಬೊಬ್ರು ಒಂದೊಂದ್ ಇಡ್ಕಳಿ. ಸೂಜಿ ಇಡ್ಕಳಿ, ರೆಂಬೆ ಇಡ್ಕಳಿ." ಹೆಲ್ಮಿಯ ಮುಂದೆ ಹೋಗಿ ಮಂಡಿಯೂರಿ ಕೂತ. "ಅವ್ವ, ನೀವು ಬೆಳಗ್ಗೆ ಒತ್ತು ಮಾತ್ರೆ ಇಡ್ಕಬೇಕು. ಇಡ್ದು, ಬಾಯ್ಗಾಕ್ಕಂಡು, ನುಂಗುದ್ರೇ ಮುದ್ರೆ ಪೂರ್ತಿ ಆಗೋದು. ಊಕುಂಡಕ್ ಆಕುದ್ರೆ ಆಗಕ್ಕಿಲ್ಲ."

ಮಾರೆ ಅದನ್ನು ಹೇಳಿ ಮುಗಿಸಿದಾಗ ಹೆಲ್ಮಿಯ ಕಿವಿ ಕೆಂಪಾಯಿತು. ಹಿಂದಿನ ಸಾಲಿನಿಂದ ಒಂದು ಗೊರಗೊರ ಸದ್ದು ಬಂತು. ಸ್ಟ್ರಾಬೆರಿಯ ದೈತ್ಯ ನಗುತ್ತಿದ್ದ. ಆ ಐದು ದಿನಗಳಲ್ಲಿ ನಾನು ಅಲ್ಲಿ ಕೇಳಿದ ಮೊದಲ ನಗೆ.

ಹೆಲ್ಮಿ ಮಗಳಿಗೆ ಏನೋ ಕೇಳಿದಳು. "ಅಜ್ಜಿಗೆ ಸೊಪ್ಪು ಕೊಡುತ್ತಿದ್ದವರು ಯಾರು ಎನ್ನುತ್ತಿದ್ದಾಳೆ," ಎಂದಳು ಮಾರೆ. ಮಾದೇವ ನನ್ನ ಕಡೆ ಕೈ ತೋರಿಸಿದ.

ಮಾರೆಯ ಚೀಲದಿಂದ ಆ ದಿನದ ಮಾತ್ರೆ ಬಂತು. ಅವಳು ಅದನ್ನು ತಾಯಿಗೆ ಕೊಡದೆ ನನ್ನ ಅಂಗೈಯಲ್ಲಿಟ್ಟಳು. ನಾನು ಹೆಲ್ಮಿಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತೆ. ಅವಳು ನನ್ನ ಮುಖ ನೋಡಲಿಲ್ಲ. ಕಿಟಕಿಯಾಚೆಯ ಬಿಳಿ ಮರಗಳನ್ನು ನೋಡುತ್ತ, ನಡುಗುವ ಎಡಗೈಯನ್ನು ನನ್ನ ಕಡೆಗೆ ಚಾಚಿದಳು. ಎಡಗೈಯೇ. ತಡವಾದದ್ದಕ್ಕೆ ಬೆರಳು ಆಡಿಸಿದಳು.

ಕೊಟ್ಟೆ.